ಲಿವರ್ ಕಸ ಹಾಕುವುದು ಯಾವ ದಾರಿಯಲ್ಲಿ?

ಪ್ರಶ್ನೆ: ನಾನು ಪಿಯುಸಿ ವಿಜ್ಞಾನ ವಿದ್ಯಾರ್ಥಿನಿ. ವಿಸರ್ಜನೆಯ ಪಾಠದಲ್ಲಿ ಮೂತ್ರಪಿಂಡ, ಶ್ವಾಸಕೋಶ, ಚರ್ಮದ ಜೊತೆ ಯಕೃತ್ತಿನ ಹೆಸರೂ ಇದೆ. ಮೂತ್ರ, ಉಸಿರು, ಬೆವರು ಗೊತ್ತು. ಯಕೃತ್ತಿನಿಂದ ಏನು ಹೊರಗೆ ಬರುತ್ತದೆ, ಸರ್?
– ಓದುಗರು, ಬಳ್ಳಾರಿ

ಉತ್ತರ: ನೀನು ದಿನಾ ಬೆಳಿಗ್ಗೆ ನೋಡುವುದೇ, ತಂಗಿ. ಮಲದ ಕಂದು ಬಣ್ಣ ಯಕೃತ್ತು ಹೊರಹಾಕಿದ ಕಸದ್ದು.

ಭಾನುವಾರ ಮಟನ್ ಅಂಗಡಿಯಲ್ಲಿ ಗಮನಿಸು. (ಮನೆಯಲ್ಲಿ ಮಾಂಸ ತಿನ್ನದಿದ್ದರೆ ತಿನ್ನುವ ಗೆಳತಿಯನ್ನು ಕೇಳು.) ಲಿವರ್ ಬಿಡಿಸುವಾಗ ಅಂಗಡಿಯವನ ಕೈ ನಿಧಾನವಾಗುತ್ತದೆ. ಅದರ ಕೆಳಮೈಗೆ ಅಂಟಿರುವ ಹಸಿರು ಚೀಲ ಒಡೆದರೆ ಮಾಂಸವೆಲ್ಲ ಕಹಿ. ಅದೇ ಪಿತ್ತಕೋಶ, ಒಳಗಿರುವುದು ಪಿತ್ತರಸ. ನಮ್ಮ ಯಕೃತ್ತು ಬಲಪಕ್ಕೆಲುಬುಗಳ ಮರೆಯಲ್ಲಿದೆ. ತೂಕ ಒಂದೂವರೆ ಕಿಲೋ ಹತ್ತಿರ. ಬಲ ಹಾಲೆ ದೊಡ್ಡದು, ಎಡದ್ದು ಚಿಕ್ಕದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಗೂಡಿನಂತೆ ಆರು ಮೂಲೆಯ ಕಿರುಹಾಲೆಗಳು.

ಒಂದೊಂದು ಕಿರುಹಾಲೆಯೂ ಸಿರುಗುಪ್ಪದ ಭತ್ತದ ಗದ್ದೆ ಅಂದುಕೋ. ಗದ್ದೆಗೆ ಕಾಲುವೆ ನೀರು ಬರುವ ದಾರಿ ಬೇರೆ, ಬಸಿನೀರು ಹೋಗುವ ದಾರಿ ಬೇರೆ. ಇಲ್ಲಿಯೂ ರಕ್ತ ಅಂಚಿನಿಂದ ಒಳಬಂದು, ಜೀವಕೋಶಗಳ ಸಾಲುಗಳ ನಡುವೆ ಹರಿದು, ಮಧ್ಯದ ಅಭಿಧಮನಿ ಸೇರುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಕರುಳು, ಗುಲ್ಮಗಳ ಕಡೆಯಿಂದ ಪೋರ್ಟಲ್ ಅಭಿಧಮನಿ ತಂದ ರಕ್ತ, ಉಳಿದದ್ದು ಅಪಧಮನಿಯದು. ಪಿತ್ತರಸದ ಬಸಿಗಾಲುವೆ ಹರಿಯುವುದು ಎದುರು ದಿಕ್ಕಿಗೆ, ಮಧ್ಯದಿಂದ ಅಂಚಿಗೆ. ಎರಡೂ ಬೆರೆಯಬಾರದು. ಬೆರೆತರೆ ಏನಾಗುತ್ತದೆಂದು ಮುಂದಿನ ಪತ್ರದಲ್ಲಿ ನೋಡು.

ಇನ್ನು ಕಸದ ವಿಚಾರ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಕಣಗಳ ಹಿಮೋಗ್ಲೋಬಿನ್ ಒಡೆದು ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ, ದಿನಕ್ಕೆ ಹೆಚ್ಚುಕಡಿಮೆ 250ರಿಂದ 300 ಮಿಲಿಗ್ರಾಂ. ಅದು ನೀರಿನಲ್ಲಿ ಕರಗದು. ಹಾಗಾಗಿ ಮೂತ್ರಪಿಂಡದ ಕೈಗೆ ಸಿಗದು. ಯಕೃತ್ತು ಅದಕ್ಕೆ ಗ್ಲುಕುರಾನಿಕ್ ಆಮ್ಲ ಜೋಡಿಸಿ, ಕರಗುವಂತೆ ಮಾಡಿ, ಪಿತ್ತರಸದೊಂದಿಗೆ ಕರುಳಿಗೆ ಕಳಿಸುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಹಳದಿ ಹೋಗಿ ಕಂದು ಆಗುತ್ತದೆ. ಹೆಚ್ಚಾದ ಕೊಲೆಸ್ಟರಾಲ್, ಕೆಲವು ಔಷಧಿಗಳ ಉಳಿಕೆಯೂ ಇದೇ ದಾರಿ ಹಿಡಿಯುತ್ತವೆ.

ಪ್ರಶ್ನೆ: ಮಗನಿಗೆ 11 ವರ್ಷ. ಎಂಟು ದಿನದಿಂದ ಊಟ ಸೇರುತ್ತಿಲ್ಲ, ಕಣ್ಣು ಹಳದಿ, ಮೂತ್ರ ಕಡಕ್ ಚಹಾದ ಬಣ್ಣ. ಬಿಲಿರುಬಿನ್ 6.2 ಬಂದಿದೆ. ಊರಿನ ಹಿರಿಯರೊಬ್ಬರು ಕೈಗೆ ರಸ ಹಚ್ಚಿ ಸುಣ್ಣದ ನೀರಿನಲ್ಲಿ ತೊಳೆಸಿದರು. ನೀರು ಹಳದಿಯಾಯಿತು. ಕಾಮಣಿ ಇಳಿಯಿತು ಅನ್ನಬಹುದೇ?
– ಓದುಗರು, ಸಿರುಗುಪ್ಪ

ಉತ್ತರ: ಇಳಿದಿಲ್ಲ. ಮಾವಿನ ತೊಗಟೆಯಂಥ ರಸಕ್ಕೆ ಸುಣ್ಣ ತಾಗಿದರೆ ಹಳದಿ ತಾನೇ ಬರುತ್ತದೆ. ಅದೇ ರಸ ನಿಮ್ಮ ಕೈಗೆ ಹಚ್ಚಿ ತೊಳೆದು ನೋಡಿ, ನಿಮಗೂ ಕಾಮಣಿ ಇದೆ ಎಂದಾದೀತು!

ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದು ಕೊಳೆ ಬೆರೆತ ನೀರಿನಿಂದ ಬರುವ ಹೆಪಟೈಟಿಸ್ ಎ. ವೈರಸ್ಸಿನಿಂದ ಜೀವಕೋಶಗಳು ಊದಿಕೊಂಡಾಗ ಬಸಿಗಾಲುವೆ ಕಟ್ಟುತ್ತದೆ. ಕರಗಬಲ್ಲ ಬಿಲಿರುಬಿನ್ ಹಿಮ್ಮುಖವಾಗಿ ರಕ್ತಕ್ಕೆ ನುಗ್ಗುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಹಾಕುತ್ತದೆ. ಚಹಾದ ಬಣ್ಣ ಅದರದ್ದೇ. ಮಲ ಬಿಳಿಚಿದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದರ್ಥ. ಅದನ್ನೂ ನೋಡಿ ವೈದ್ಯರಿಗೆ ಹೇಳಿ.

ಇದಕ್ಕೆ ವೈರಸ್ ಕೊಲ್ಲುವ ಮಾತ್ರೆಯಿಲ್ಲ. ಬಹುತೇಕ ಮಕ್ಕಳು ಕೆಲವು ವಾರಗಳಲ್ಲಿ ತಾವೇ ಸುಧಾರಿಸುತ್ತಾರೆ. ನಾಟಿ ಔಷಧಿಯಿಂದ ವಾಸಿಯಾಯಿತು ಎಂಬ ಹೆಸರು ಬರುವುದೂ ಇದರಿಂದಲೇ. ಹೆಸರು ಗೊತ್ತಿಲ್ಲದ ಕಷಾಯ ಬೇಡ, ಬರೆಯಂತೂ ಬೇಡವೇ ಬೇಡ. ಉಪ್ಪು, ಎಣ್ಣೆ ಪೂರ್ತಿ ಬಿಡಿಸಬೇಕಿಲ್ಲ. ಹುಡುಗನಿಗೆ ರುಚಿಸಿದ್ದನ್ನು ಸ್ವಲ್ಪ ಸ್ವಲ್ಪ ಕೊಡಿ. ಜ್ವರದ ಮಾತ್ರೆ ಕೂಡ ವೈದ್ಯರನ್ನು ಕೇಳಿಯೇ ಕೊಡಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಪಿಟಿ-ಐಎನ್‌ಆರ್ ಮಾಡಿಸಿ. ಯಕೃತ್ತಿನ ಶಕ್ತಿ ಎಷ್ಟು ಉಳಿದಿದೆ ಎಂದು ಬಿಲಿರುಬಿನ್‌ಗಿಂತ ಅದು ಚೆನ್ನಾಗಿ ಹೇಳುತ್ತದೆ. ನಿಲ್ಲದ ವಾಂತಿ, ಮಂಪರು, ಅಸಂಬದ್ಧ ಮಾತು, ಮೂಗು ಅಥವಾ ವಸಡಿನಿಂದ ರಕ್ತ ಕಂಡರೆ ಬೆಳಗಾಗಲಿ ಎನ್ನದೆ 108ಕ್ಕೆ ಫೋನ್ ಮಾಡಿ. ಮನೆಮಂದಿಯೆಲ್ಲ ಕುದಿಸಿ ಆರಿಸಿದ ನೀರು ಕುಡಿಯಿರಿ. ಮನೆಯಲ್ಲಿ ಗರ್ಭಿಣಿ ಇದ್ದರೆ ಇನ್ನೂ ಎಚ್ಚರ. ನೀರಿನಿಂದಲೇ ಬರುವ ಹೆಪಟೈಟಿಸ್ ಇ ಅವರಿಗೆ ಪ್ರಾಣಾಪಾಯ ತರಬಲ್ಲದು.

ಪ್ರಶ್ನೆ: ಅಪ್ಪನಿಗೆ ಕುಡಿತದಿಂದ ಲಿವರ್ ಸಿರೋಸಿಸ್ ಆಗಿದೆ. ಈಗ ರಾತ್ರಿಯಿಡೀ ಎಚ್ಚರ, ಹಗಲು ನಿದ್ದೆ. ಅಂಗಿ ಗುಂಡಿ ಹಾಕಿಕೊಳ್ಳಲೂ ತಡಕಾಡುತ್ತಾರೆ. ನಾಲ್ಕು ದಿನದಿಂದ ಮಲ ಹೋಗಿಲ್ಲ. ನಿದ್ದೆ ಮಾತ್ರೆ ಕೊಡಬಹುದೇ?
– ಓದುಗರು, ಕುರುಗೋಡು

ಉತ್ತರ: ಕೊಡಬೇಡಿ, ಅಪಾಯ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಯಕೃತ್ತು ಯೂರಿಯಾ ಮಾಡಿ ಮೂತ್ರಪಿಂಡಕ್ಕೆ ಒಪ್ಪಿಸಬೇಕು. ಗಂಟುಗಟ್ಟಿದ ಯಕೃತ್ತಿಗೆ ಆ ಕೆಲಸ ಆಗದು. ಅಮೋನಿಯಾ ಮಿದುಳಿಗೆ ಏರುತ್ತದೆ, ಮಲಬದ್ಧತೆಯಿಂದ ಇನ್ನಷ್ಟು ಏರುತ್ತದೆ. ಇಂದೇ ಆಸ್ಪತ್ರೆಗೆ ಸೇರಿಸಿ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟು ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಂತೆ ನೋಡಿಕೊಳ್ಳುತ್ತಾರೆ. ಸೋಂಕು, ರಕ್ತಸ್ರಾವ ಇದೆಯೇ ಎಂದೂ ಹುಡುಕುತ್ತಾರೆ. ಹೊರಡುವಾಗ ಅಪ್ಪ ತೆಗೆದುಕೊಳ್ಳುತ್ತಿರುವ ಮಾತ್ರೆ, ಪುಡಿ, ಟಾನಿಕ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಈಚೆಗೆ ಮಲ ಡಾಂಬರಿನಂತೆ ಕಪ್ಪಗೆ ಹೋಗಿತ್ತೇ ಎಂದು ಅಮ್ಮನನ್ನು ಕೇಳಿಕೊಂಡು ಹೋಗಿ; ಡಾಕ್ಟರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.