ಹದಿನಾಲ್ಕನೇ ಮಹಡಿಯ ಸಿಗ್ನಲ್

ಗ್ರೇಟರ್ ನೋಯ್ಡಾ ವೆಸ್ಟಿನ ನಮ್ಮ ಸೊಸೈಟಿಗೆ ಫೈಬರ್ ಬರುತ್ತದೆ, ಬರುತ್ತದೆ ಎನ್ನುತ್ತಲೇ 2024ರ ಚಳಿಗಾಲ ಬಂದುಬಿಟ್ಟಿತು. ನವೆಂಬರ್ 18ರಿಂದ ದೆಹಲಿ ಮತ್ತು ಸುತ್ತಮುತ್ತ ವಾಯುಮಾಲಿನ್ಯ ತಡೆಯುವ ಯೋಜನೆಯಾದ ಗ್ರ್ಯಾಪ್‌ನ ನಾಲ್ಕನೇ ಹಂತ ಜಾರಿಯಾಯಿತು. ಹವೆ ಅಷ್ಟು ಕೆಟ್ಟಾಗ ರಸ್ತೆ, ಮೇಲ್ಸೇತುವೆ, ಪೈಪ್‌ಲೈನ್‌ಗಳ ಜೊತೆಗೆ ಟೆಲಿಕಾಂ ಕಾಮಗಾರಿಯೂ ಬಂದ್. ಬೆಂಗಳೂರಿನ ಆಫೀಸಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ನಾನು ಫೋನಿನ ಹಾಟ್‌ಸ್ಪಾಟ್ ನೆಚ್ಚಿಕೊಂಡು ಎಷ್ಟು ದಿನ ತಳ್ಳಲಿ? 5ಜಿ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ಮನೆಬಳಕೆಯ ಈ ಸೇವೆ ದೆಹಲಿಗೆ ಬಂದದ್ದು 2023ರ ಆಗಸ್ಟ್, ಸೆಪ್ಟೆಂಬರಿನಲ್ಲಿ. ನನ್ನದು ಯಾವ ಕಂಪನಿಯದು ಎಂಬುದು ಇಲ್ಲಿ ಬೇಡ. ನನ್ನ ತಕರಾರು ಹೆಚ್ಚಾಗಿ ಇರುವುದು ನಮ್ಮ ಕಟ್ಟಡದ ಮೇಲೆ.

ಟವರಿನ ಸಿಗ್ನಲ್ ಹಿಡಿಯುವ ಪೆಟ್ಟಿಗೆ ಕೂರಿಸಲು ಬಂದ ಹುಡುಗ ಮುಂದಿನ ಬಾಲ್ಕನಿಗೆ ಹೋಗಿ ಫೋನ್ ಎತ್ತಿ ಹಿಡಿದ. ಟವರ್ ಫುಲ್. ನನಗೆ ಖುಷಿಯಾಯಿತು, ಅವನಿಗೆ ಆಗಲಿಲ್ಲ. “ಅಂಕಲ್‌ಜಿ, ಸಿಗ್ನಲ್ ತೋ ಹೈ, ಸಾಫ್ ನಹೀಂ ಹೈ” ಎಂದು ಆ್ಯಪಿನಲ್ಲಿ ಎರಡು ಅಂಕಿ ತೋರಿಸಿದ. ಆರ್‌ಎಸ್‌ಆರ್‌ಪಿ ಮೈನಸ್ 82, ಎಸ್‌ಐಎನ್‌ಆರ್ ಬರೀ 3. ಮೊದಲನೆಯದು ಸಿಗ್ನಲ್ ಎಷ್ಟು ಜೋರಾಗಿದೆ ಎಂಬುದು. ಎರಡನೆಯದು ಸುತ್ತಲಿನ ಗದ್ದಲದಲ್ಲಿ ಅದು ಎಷ್ಟು ಸ್ಪಷ್ಟವಾಗಿದೆ ಎಂಬುದು. ಟವರಿನ ಆಂಟೆನಾಗಳನ್ನು ಸಾಮಾನ್ಯವಾಗಿ ಕೆಳಗಿನ ರಸ್ತೆ, ಮನೆಗಳ ಕಡೆ ತುಸು ಬಾಗಿಸಿರುತ್ತಾರೆ. ನಮ್ಮ ಹದಿನಾಲ್ಕನೇ ಮಹಡಿಯ ಎತ್ತರಕ್ಕೆ ಒಂದು ಟವರಿನ ಮುಖ್ಯ ಕಿರಣವೂ ನೇರ ಸಿಗುವುದಿಲ್ಲ, ಆದರೆ ದೂರದೂರದವೆಲ್ಲ ಒಂದೇ ತರಂಗಾಂತರದಲ್ಲಿ ಬಂದು ಬೀಳುತ್ತವೆ. ಜಾತ್ರೆಯಲ್ಲಿ ಎಲ್ಲ ಅಂಗಡಿಯ ಮೈಕೂ ಒಟ್ಟಿಗೆ ಕೇಳಿಸಿದ ಹಾಗೆ.

ಟೆರೇಸಿನ ಮೇಲೆ ಕೂರಿಸೋಣ ಎಂದರೆ ನಿವಾಸಿಗಳ ಸಂಘ ಒಪ್ಪಲಿಲ್ಲ. ಹುಡುಗ ಕೋಣೆ ಕೋಣೆ ಸುತ್ತಿ, ಕೊನೆಗೆ ವಾಷಿಂಗ್ ಮೆಷಿನ್ ಇಟ್ಟ ಹಿಂಬದಿಯ ಇಕ್ಕಟ್ಟು ಬಾಲ್ಕನಿಯಲ್ಲಿ ನಿಂತ. ಅಲ್ಲಿ ಸಿಗ್ನಲ್ ಮೈನಸ್ 94ಕ್ಕೆ ಇಳಿಯಿತು, ಎಸ್‌ಐಎನ್‌ಆರ್ ಮಾತ್ರ 17ಕ್ಕೆ ಏರಿತು. ನಮ್ಮ ಕಟ್ಟಡದ ಗೋಡೆಯೇ ಉಳಿದ ಟವರುಗಳನ್ನು ಮರೆಮಾಡಿತ್ತು. ಮುಂದಿನ ಬಾಲ್ಕನಿಯಲ್ಲಿ 30 ಎಂಬಿಪಿಎಸ್ ದಾಟದಿದ್ದದ್ದು ಇಲ್ಲಿ 90ರ ಮೇಲೆ. ದಲ್ಲಾಳಿ ‘ವ್ಯೂ’ ಎಂದು ಹೇಳಿ ದುಡ್ಡು ಹೆಚ್ಚು ಕೇಳಿದ್ದ ಬಾಲ್ಕನಿ ಇಂಟರ್ನೆಟ್ಟಿಗೆ ಕೆಲಸಕ್ಕೆ ಬಾರದ್ದು! ಹಾಕಿಸುವವರಿಗೆ ನಾನು ಹೇಳುವುದು ಇಷ್ಟೇ: ಗೋಡೆಗೆ ಡ್ರಿಲ್ ಇಡುವ ಮುಂಚೆ ಎಲ್ಲ ಕಿಟಕಿ, ಬಾಲ್ಕನಿಗಳಲ್ಲೂ ಎರಡನೇ ಅಂಕಿ ನೋಡಿಸಿ.

ಹೊರಗಿನ ಪೆಟ್ಟಿಗೆಯಿಂದ ಒಳಗಿನ ರೂಟರಿಗೆ ಒಂದೇ ಕೇಬಲ್. ಕರೆಂಟೂ ಡೇಟಾವೂ ಅದರಲ್ಲೇ. ಎಸಿಯ ತಾಮ್ರದ ಪೈಪಿಗೆ ಕೊರೆದ ತೂತಿನಲ್ಲೇ ಅದನ್ನೂ ತೂರಿಸಿದೆವು. ಆಮೇಲೆ ತಲೆನೋವು ಶುರುವಾಯಿತು. ಈಚಿನ ಹಲವು ಎತ್ತರದ ಕಟ್ಟಡಗಳಲ್ಲಿ ಮಿವಾನ್ ಅಚ್ಚು ಬಳಸಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ, ಇಟ್ಟಿಗೆಯ ಮಾತೇ ಇಲ್ಲ. ಅಂಥ ಎರಡು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸುಸ್ತು. ಬಿಲ್ಡರ್ ಡಿಶ್ ಟಿವಿಗೆಂದು ಗೋಡೆಯೊಳಗೆ ಬಿಟ್ಟಿದ್ದ ಪೈಪಿನಲ್ಲಿ ಲ್ಯಾನ್ ಕೇಬಲ್ ಎಳೆಸಿ, ನಾನು ಕೆಲಸ ಮಾಡುವ ಕೋಣೆಯಲ್ಲಿ ಇನ್ನೊಂದು ರೂಟರ್ ಇಟ್ಟೆ. ವೈರ್‌ಲೆಸ್ ಹೆಸರಿನಲ್ಲಿ ಮನೆಗೆ ಬಂದ ವೈರಿನ ಲೆಕ್ಕ ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ನೋಡಿ ಮರುಳಾಗಬಾರದು. 3300 ಮೆಗಾಹರ್ಟ್ಸ್ ಬ್ಯಾಂಡಿನ 5ಜಿಯಲ್ಲಿ ಕಳಿಸುವುದೂ ಪಡೆಯುವುದೂ ಒಂದೇ ತರಂಗಾಂತರದಲ್ಲಿ, ಸರದಿಯ ಮೇಲೆ ನಡೆಯುತ್ತದೆ. ಹೆಚ್ಚಿನ ಸರದಿ ಡೌನ್‌ಲೋಡಿಗೆ. ಹಾಗಾಗಿ ಸಿನಿಮಾ ಸರಾಗ, ಆದರೆ ದೊಡ್ಡ ಫೈಲ್ ಆಫೀಸಿಗೆ ಕಳಿಸುವಾಗ ಎದ್ದು ಚಹಾ ಮಾಡಿಕೊಂಡು ಬರಬಹುದು. ರಾತ್ರಿ ಒಂಬತ್ತರ ಹೊತ್ತಿಗೆ ಸುತ್ತಲಿನ ಫೋನುಗಳೆಲ್ಲ ಅದೇ ಟವರಿಗೆ ಜೋತುಬೀಳುತ್ತವೆ, ಐಪಿಎಲ್ ಇದ್ದರಂತೂ ಕೇಳುವುದೇ ಬೇಡ.

ಪಕ್ಕದ ಮನೆಯ ಶರ್ಮಾಜಿ ಇದಕ್ಕೆಲ್ಲ ಹೊಗೆಮಂಜನ್ನು ದೂರುತ್ತಾರೆ. ಪಾಪ, ಈ ವಿಷಯದಲ್ಲಿ ಅದು ನಿರಪರಾಧಿ. ಈ ಬ್ಯಾಂಡಿನ ತರಂಗದ ಉದ್ದ ಸುಮಾರು ಎಂಟೂವರೆ ಸೆಂಟಿಮೀಟರ್. ನಮ್ಮ ಶ್ವಾಸಕೋಶ ಸೇರುವ ಕಣಗಳು ಅದಕ್ಕೆ ಲೆಕ್ಕಕ್ಕೇ ಇಲ್ಲ. ನಿಜವಾಗಿ ಕಾಡುವುದು ಕರೆಂಟು. ಸೊಸೈಟಿಯ ಜನರೇಟರ್ ಚಾಲೂ ಆಗಲು ಕೆಲವೇ ಸೆಕೆಂಡು ಸಾಕು, ಆದರೆ ಅಷ್ಟರಲ್ಲಿ ಆರಿಹೋದ ಪೆಟ್ಟಿಗೆ ಮತ್ತೆ ಟವರ್ ಹಿಡಿಯಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಮೀಟಿಂಗ್ ಅಲ್ಲಿಗೆ ಮುಗಿಯಿತು. ರೂಟರಿಗೆಂದು ಮಾರುವ 12 ವೋಲ್ಟಿನ ಪುಟ್ಟ ಯುಪಿಎಸ್ ಇದಕ್ಕೆ ಆಗುವುದಿಲ್ಲ, ನಮ್ಮ ಹೊರಗಿನ ಪೆಟ್ಟಿಗೆಯ ಅಡಾಪ್ಟರ್ 48 ವೋಲ್ಟಿನದು. ಕೊಳ್ಳುವ ಮುಂಚೆ ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿಕೊಳ್ಳಬೇಕು. ನಾನು ಪೆಟ್ಟಿಗೆ, ರೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದ ಮೇಲೆ ಆ ಕಾಟ ತಪ್ಪಿತು.

ಆರು ತಿಂಗಳ ಪ್ಯಾಕ್ ಅಗ್ಗ ಎಂದು ಕಂಪನಿಯಿಂದ ಫೋನ್ ಬರುತ್ತಲೇ ಇರುತ್ತದೆ. ನಾನು ತಿಂಗಳು ತಿಂಗಳೇ ರೀಚಾರ್ಜ್ ಮಾಡುತ್ತೇನೆ. ಕಾರಣ, ಪೆಟ್ಟಿಗೆ ಮುಖಮಾಡಿರುವ ನಮ್ಮ ಹಿಂಬದಿಯ ಪ್ಲಾಟಿನಲ್ಲಿ ಏಳುತ್ತಿರುವ ಕಟ್ಟಡಕ್ಕೆ ಮೊನ್ನೆ ಹನ್ನೊಂದನೇ ಸ್ಲ್ಯಾಬ್ ಹಾಕಿದರು.