ಮನೆ ಮುಂದಿನ ಕಾಲುದಾರಿಯ ದುರಸ್ತಿ: ಹೊಣೆ ಯಾರದು, ವೆಚ್ಚದ ಪಾಲು ಯಾರದು?

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ

ಪಾಠದ ಉದ್ದೇಶ: ವಸತಿ ಬೀದಿಗಳ ಕಾಲುದಾರಿ, ಚರಂಡಿ ಹಾಗೂ ಚರಂಡಿಯ ಮೇಲಿನ ಚಪ್ಪಡಿಗಳ ದುರಸ್ತಿಯಲ್ಲಿ ಪಂಚಾಯತಿಯ ಕರ್ತವ್ಯ ಯಾವುದು, ನಿವಾಸಿಗಳಿಂದ ಎಷ್ಟರಮಟ್ಟಿಗೆ ಪಾಲು ಕೇಳಬಹುದು ಎಂಬುದನ್ನು ಸದಸ್ಯರು ತಿಳಿದು ನಿರ್ಣಯ ಕೈಗೊಳ್ಳಲು ನೆರವಾಗುವುದು.

1. ವಿಷಯದ ಹಿನ್ನೆಲೆ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಗ್ರಾಮಗಳಲ್ಲಿ ನಗರಗಳಂತೆ ಪ್ರತ್ಯೇಕ ಪಾದಚಾರಿ ಮಾರ್ಗ ಇರುವುದು ವಿರಳ. ರಸ್ತೆಯ ಅಂಚು ಮತ್ತು ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿಗಳೇ ಇಲ್ಲಿನ ಕಾಲುದಾರಿ. ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವವರು, ಅಂಗನವಾಡಿಯ ಮಕ್ಕಳು, ನ್ಯಾಯಬೆಲೆ ಅಂಗಡಿಗೆ ಹೋಗುವ ವೃದ್ಧರು ಇದರ ಮೇಲೆಯೇ ನಡೆಯುತ್ತಾರೆ. ಒಂದು ಚಪ್ಪಡಿ ಮುರಿದರೆ ಚರಂಡಿ ಕಟ್ಟುತ್ತದೆ. ನಡೆಯುವವರು ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ಹಾಲಿನ ಕ್ಯಾನು ಹೊತ್ತವರು ಕತ್ತಲಲ್ಲಿ ಕಾಲು ಜಾರಿ ಬಿದ್ದರೆ ಆ ಮನೆಯ ದುಡಿಮೆಯೇ ನಿಲ್ಲುತ್ತದೆ. ಆದುದರಿಂದ ಇದು ಸಣ್ಣ ಕಾಮಗಾರಿಯಾದರೂ ಸಣ್ಣ ವಿಷಯವಲ್ಲ.

2. ಕಾನೂನಿನ ನೆಲೆ

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರಿಸಲಾದ 11ನೇ ಅನುಸೂಚಿಯ 29 ವಿಷಯಗಳಲ್ಲಿ ರಸ್ತೆ ಮತ್ತು ಮೋರಿಗಳು ಸೇರಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣವು ಗ್ರಾಮ ಪಂಚಾಯತಿಯ ಪ್ರಕಾರ್ಯಗಳನ್ನು ವಿಧಿಸುತ್ತದೆ. ಗ್ರಾಮದ ರಸ್ತೆ, ಚರಂಡಿ ಮತ್ತು ಮೋರಿಗಳ ನಿರ್ಮಾಣ ಹಾಗೂ ನಿರ್ವಹಣೆ ಅವುಗಳಲ್ಲಿ ಒಂದು. ಇದಕ್ಕೆ ಬೇಕಾದ ಸಂಪನ್ಮೂಲಕ್ಕಾಗಿ 199ನೇ ಪ್ರಕರಣವು ತೆರಿಗೆ ಮತ್ತು ಶುಲ್ಕ ವಿಧಿಸುವ ಅಧಿಕಾರ ನೀಡಿದೆ.

ಹಣವಿಲ್ಲ ಎಂಬ ಕಾರಣ ಕರ್ತವ್ಯದಿಂದ ಬಿಡುಗಡೆ ನೀಡುವುದಿಲ್ಲ. ಮಧ್ಯಪ್ರದೇಶದ ರತ್ಲಾಂ ಪಟ್ಟಣದ ನಿವಾಸಿಗಳು ತೆರೆದ ಚರಂಡಿಯ ಬಗ್ಗೆ ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ ಪುರಸಭೆಯ ಆರ್ಥಿಕ ಅಶಕ್ತಿಯ ವಾದವನ್ನು ಒಪ್ಪಲಿಲ್ಲ. ತೀರ್ಪು ಪುರಸಭೆಯೊಂದಕ್ಕೆ ಸಂಬಂಧಿಸಿದ್ದರೂ ಅದರ ತತ್ವ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಎಚ್ಚರಿಕೆಯಾಗಿದೆ. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯವು, ಅಡೆತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ಅನುಚ್ಛೇದದ ಭಾಗವೆಂದು ಹೇಳಿ, ಆ ಮಾರ್ಗಗಳು ಅಂಗವಿಕಲರಿಗೂ ಬಳಸಲು ಯೋಗ್ಯವಾಗಿರಬೇಕೆಂದು ಒತ್ತಿ ಹೇಳಿತು.

ಸಂವಿಧಾನದ 265ನೇ ಅನುಚ್ಛೇದವನ್ನೂ ಮರೆಯಬಾರದು. ಕಾನೂನಿನ ಆಧಾರವಿಲ್ಲದೆ ಯಾವ ತೆರಿಗೆಯನ್ನೂ ವಸೂಲು ಮಾಡುವಂತಿಲ್ಲ. ‘ಮನೆಗೆ ಇಷ್ಟು ಕೊಟ್ಟರೆ ಮಾತ್ರ ಚಪ್ಪಡಿ ಹಾಕಿಸುತ್ತೇವೆ’ ಎಂಬ ಷರತ್ತು ವಂತಿಗೆಯ ಹೆಸರಿನ ತೆರಿಗೆಯೇ ಆಗುತ್ತದೆ.

3. ಲಭ್ಯ ಹಣದ ಮೂಲಗಳು

(ಅ) ಸ್ವಂತ ಸಂಪನ್ಮೂಲ: ಮನೆ ಕಂದಾಯ ಮತ್ತು ಶುಲ್ಕಗಳು. ಇದರೊಡನೆ ವಸೂಲಾಗುವ ಗ್ರಂಥಾಲಯ ಮುಂತಾದ ಉಪಕರಗಳು ಪಂಚಾಯತಿಯ ಹಣವಲ್ಲ. ಅವನ್ನು ದುರಸ್ತಿಗೆ ಬಳಸುವಂತಿಲ್ಲ.

(ಆ) 15ನೇ ಹಣಕಾಸು ಆಯೋಗದ ಅನುದಾನ: 2021-22ರಿಂದ 2025-26ರ ಅವಧಿಗೆ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತ, ಶೇ 40 ಭಾಗ ಅನಿರ್ಬಂಧಿತ. ಅನಿರ್ಬಂಧಿತ ಭಾಗವನ್ನು ಸ್ಥಳೀಯ ಅಗತ್ಯಗಳಿಗೆ ಬಳಸಬಹುದು. ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ.

(ಇ) ಉದ್ಯೋಗ ಖಾತರಿ: ಇಲ್ಲಿ ಸಾಮಗ್ರಿ ವೆಚ್ಚ ಶೇ 40 ಮೀರಬಾರದು. ಕಾಂಕ್ರೀಟ್ ಕೆಲಸದಲ್ಲಿ ಸಿಮೆಂಟ್, ಜಲ್ಲಿಯ ವೆಚ್ಚವೇ ಹೆಚ್ಚು. ಆದಕಾರಣ ಕೂಲಿ ಹೆಚ್ಚಿರುವ ಇತರ ಕಾಮಗಾರಿಗಳೊಂದಿಗೆ ಸರಿದೂಗಿಸಿ ಕ್ರಿಯಾ ಯೋಜನೆ ರೂಪಿಸಬೇಕಾಗುತ್ತದೆ.

(ಈ) ಅಗೆದವರ ಹೊಣೆ: ಕೊಳವೆ ಅಥವಾ ಕೇಬಲ್ ಅಳವಡಿಸಲು ಬೀದಿ ಅಗೆದಿದ್ದರೆ, ಅದನ್ನು ಮೊದಲಿನಂತೆ ಮಾಡಿಕೊಡುವ ಅಂಶ ಆ ಕಾಮಗಾರಿಯ ಅಂದಾಜು ಅಥವಾ ಅನುಮತಿ ಪತ್ರದಲ್ಲಿ ಇದೆಯೇ ಎಂದು ಮೊದಲು ಪರಿಶೀಲಿಸಬೇಕು. ಇತರರು ಮಾಡಬೇಕಾದ ದುರಸ್ತಿಗೆ ಪಂಚಾಯತಿಯಾಗಲಿ ನಿವಾಸಿಗಳಾಗಲಿ ಎರಡನೆಯ ಬಾರಿ ಹಣ ತೆರಬೇಕಾಗಿಲ್ಲ.

4. ಪಾಲುಗಾರಿಕೆಯ ಎರಡು ಮಾದರಿಗಳು

ಸಮುದಾಯದ ವಂತಿಗೆ ನಮ್ಮ ಗ್ರಾಮಗಳಿಗೆ ಹೊಸದಲ್ಲ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಮಾರ್ಗಸೂಚಿಯಲ್ಲಿ ಗ್ರಾಮದೊಳಗಿನ ನೀರು ಸರಬರಾಜು ಸೌಕರ್ಯದ ಬಂಡವಾಳ ವೆಚ್ಚಕ್ಕೆ ಸಮುದಾಯದ ಪಾಲು ಸಾಮಾನ್ಯವಾಗಿ ಶೇ 10. ಪರಿಶಿಷ್ಟ ಜಾತಿ ಮತ್ತು ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಗ್ರಾಮಗಳಲ್ಲಿ ಶೇ 5. ಅದನ್ನು ನಗದು, ಸಾಮಗ್ರಿ ಅಥವಾ ಶ್ರಮದ ರೂಪದಲ್ಲಿ ನೀಡಬಹುದು. ಈ ಪಾಲು ಆ ಯೋಜನೆಗೆ ಮಾತ್ರ ಅನ್ವಯಿಸುತ್ತದೆ. ಬೀದಿ ದುರಸ್ತಿಗೆ ಅದನ್ನೇ ಆಧಾರವಾಗಿ ತೋರಿಸುವಂತಿಲ್ಲ. ಆದರೆ ಶಕ್ತಿಗೆ ತಕ್ಕ ಪಾಲು, ಶ್ರಮಕ್ಕೂ ಬೆಲೆ ಎಂಬ ಅದರ ವಿವೇಕ ಅನುಕರಣೀಯ.

ಅಮೆರಿಕದ ಹಲವು ನಗರಗಳಲ್ಲಿ ಮನೆ ಮುಂದಿನ ಪಾದಚಾರಿ ಮಾರ್ಗದ ದುರಸ್ತಿ ಆ ನಿವೇಶನದ ಮಾಲೀಕರ ಹೊಣೆ. ಷಿಕಾಗೋ ನಗರಾಡಳಿತವು ಮಾಲೀಕರೊಂದಿಗೆ ವೆಚ್ಚ ಹಂಚಿಕೊಳ್ಳುವ ಕಾರ್ಯಕ್ರಮ ನಡೆಸುತ್ತಿದ್ದು, ಹಿರಿಯ ನಾಗರಿಕರಿಗೂ ಅಂಗವಿಕಲರಿಗೂ ರಿಯಾಯಿತಿ ನೀಡುತ್ತದೆ. ಇಂತಹ ವ್ಯವಸ್ಥೆಯ ದೋಷವೂ ಸ್ಪಷ್ಟ: ಪಾಲು ಕೊಡಬಲ್ಲವರ ಬೀದಿ ಬೇಗ ಸರಿಯಾಗುತ್ತದೆ, ಕೊಡಲಾಗದವರ ಬೀದಿ ಹಿಂದುಳಿಯುತ್ತದೆ. ನಮ್ಮಲ್ಲಿ ಕಾನೂನು ಕರ್ತವ್ಯವನ್ನು ಪಂಚಾಯತಿಯ ಮೇಲೆ ಇರಿಸಿರುವುದರಿಂದ ಈ ದೋಷಕ್ಕೆ ಎಡೆಗೊಡಬಾರದು.

5. ಹಂಚಿಕೆಯ ಲೆಕ್ಕ: ಒಂದು ಕಾಲ್ಪನಿಕ ಉದಾಹರಣೆ

40 ಮನೆಗಳ ಬೀದಿಯೊಂದರ ದುರಸ್ತಿಗೆ ₹3,00,000 ಅಂದಾಜು ಎಂದು ಭಾವಿಸೋಣ. ಇದರಲ್ಲಿ ಚರಂಡಿ ಮತ್ತು ಚಪ್ಪಡಿಗಳಿಗೆ ₹2,60,000. ಮನೆಯಂಗಳಕ್ಕೆ ವಾಹನ ಹತ್ತಿಸುವ ಇಳಿಜಾರುಗಳಿಗೆ ₹40,000.

ಇಳಿಜಾರಿನ ವೆಚ್ಚವನ್ನು 40 ಮನೆಗಳಿಗೂ ಸಮನಾಗಿ ಹಂಚಿದರೆ ಮನೆಗೆ ₹1,000 ಬರುತ್ತದೆ. ನೋಡಲು ಇದು ಸಮಾನತೆ. ಆದರೆ ವಾಹನವೇ ಇಲ್ಲದ ಒಂಟಿ ವೃದ್ಧೆ ನೆರೆಮನೆಯ ಕಾರಿಗೆ ಹಣ ಕೊಟ್ಟಂತಾಗುತ್ತದೆ. ಇಳಿಜಾರು ಬೇಕಾದ ಮನೆಗಳು 25 ಆಗಿದ್ದರೆ, ಅವು ತಲಾ ₹1,600 ಭರಿಸುವುದು ನ್ಯಾಯ. ಉಳಿದ ₹2,60,000 ಸಾರ್ವಜನಿಕ ಸ್ವತ್ತಿನ ವೆಚ್ಚ, ಅದು ಪಂಚಾಯತಿಯದೇ. ಅದಕ್ಕೆ ಯಾರಾದರೂ ಸ್ವಇಚ್ಛೆಯಿಂದ ಹಣ, ಚಪ್ಪಡಿ ಅಥವಾ ಶ್ರಮ ನೀಡಿದರೆ ಸ್ವಾಗತಾರ್ಹ. ನೀಡದವರ ಮನೆ ಮುಂದಿನ ಕೆಲಸವನ್ನು ಬಿಡುವಂತಿಲ್ಲ.

ಇಳಿಜಾರು ಮನೆಯವರದಾದರೂ ಅದು ಚರಂಡಿಯ ಹರಿವನ್ನು ತಡೆಯಬಾರದು, ಕಾಲುದಾರಿಗೆ ಅಡ್ಡವಾಗಬಾರದು. ಚರಂಡಿಯ ಮೇಲೆ ಜಗಲಿ ಕಟ್ಟಿದ್ದರೆ ಅದು ಒತ್ತುವರಿ. ಅದರ ತೆರವನ್ನು ದುರಸ್ತಿಗೆ ಮೊದಲೇ, ಬಡವ ಬಲ್ಲಿದರೆಂಬ ಭೇದವಿಲ್ಲದೆ, ನೋಟಿಸು ನೀಡಿ ನಡೆಸಬೇಕು.

6. ಅನುಸರಿಸಬೇಕಾದ ಕ್ರಮ

- ಸದಸ್ಯರು ತಮ್ಮ ವಾರ್ಡಿನ ಬೀದಿಗಳನ್ನು ನಡೆದು ನೋಡಿ ಮುರಿದ ಚಪ್ಪಡಿಗಳ ಪಟ್ಟಿ ಮಾಡುವುದು. ಶಾಲೆ, ಅಂಗನವಾಡಿ, ಡೈರಿಯ ದಾರಿಗಳಿಗೆ ಆದ್ಯತೆ.
- ವಾರ್ಡ್ ಸಭೆಯಲ್ಲಿ ಪಟ್ಟಿ ಓದಿ ಹೇಳಿ, ಗ್ರಾಮ ಸಭೆಯ ಮೂಲಕ ಕ್ರಿಯಾ ಯೋಜನೆಗೆ ಸೇರಿಸುವುದು.
- ಅಂದಾಜು ಪಟ್ಟಿಯಲ್ಲಿ ಸಾರ್ವಜನಿಕ ಮತ್ತು ಖಾಸಗಿ ಭಾಗಗಳನ್ನು ಬೇರೆಬೇರೆಯಾಗಿ ತೋರಿಸುವಂತೆ ಅಭಿಯಂತರರನ್ನು ಕೋರುವುದು.
- ವಂತಿಗೆಯ ಪ್ರತಿ ರೂಪಾಯಿಗೂ ಪಂಚಾಯತಿಯ ರಸೀದಿ ನೀಡಿ ಪಂಚಾಯತಿ ನಿಧಿಗೆ ಜಮಾ ಮಾಡುವುದು. ಸದಸ್ಯರಾಗಲಿ ಗುತ್ತಿಗೆದಾರರಾಗಲಿ ಕೈಯಲ್ಲಿ ಹಣ ಪಡೆಯುವಂತಿಲ್ಲ.
- ಕೆಲಸ ಮುಗಿದ ಬಳಿಕ ವೆಚ್ಚದ ವಿವರವನ್ನು ಸೂಚನಾ ಫಲಕದಲ್ಲಿ ಪ್ರಕಟಿಸಿ, ಜಮಾಬಂದಿಯಲ್ಲಿ ಮಂಡಿಸುವುದು.

7. ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯತಿಯಲ್ಲಿ ಕಳೆದ ಸಾಲಿನ ಮನೆ ಕಂದಾಯದ ಬೇಡಿಕೆ ಎಷ್ಟು, ವಸೂಲಿ ಎಷ್ಟು? ಬಾಕಿ ವಸೂಲಾದರೆ ಎಷ್ಟು ಬೀದಿಗಳ ದುರಸ್ತಿ ಸಾಧ್ಯ?
2. ಅಗೆದು ಮುಚ್ಚದೆ ಬಿಟ್ಟ ಬೀದಿಗಳು ಯಾವುವು? ಅವುಗಳ ಹೊಣೆ ಯಾರದು?
3. ಗಾಲಿಕುರ್ಚಿಯಲ್ಲಿ ಕುಳಿತವರು ಮನೆಯಿಂದ ಪಂಚಾಯತಿ ಕಚೇರಿಗೆ ಯಾರ ನೆರವೂ ಇಲ್ಲದೆ ಬರಬಲ್ಲರೇ? ತಡೆ ಎಲ್ಲಿದೆ?

ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮುಂದಿನ ಸಾಮಾನ್ಯ ಸಭೆಗೆ ಮುನ್ನ ಬರೆದಿಟ್ಟುಕೊಂಡಲ್ಲಿ ದುರಸ್ತಿಯ ಕ್ರಿಯಾ ಯೋಜನೆಯ ಅರ್ಧ ಕೆಲಸ ಮುಗಿದಂತೆಯೇ.