ನೋವನ್ನು ಬರೆಯೋಣ, ಹಾಡೋಣ, ಕುಣಿಯೋಣ



ಸಾವಿನ ಮನೆಗೆ ಹೋದರೆ ಬಂಧುಬಳಗದವರ ಬಾಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: ‘ಅಳಬೇಡ, ಗಟ್ಟಿಯಾಗಿರು.’ ಪರೀಕ್ಷೆಯಲ್ಲಿ ನಪಾಸಾದ ಮಗನಿಗೂ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೂ, ಸಾಲ ಮಾಡಿ ಕೊರೆಸಿದ ಕೊಳವೆಬಾವಿಯಲ್ಲಿ ನೀರು ಬಾರದ ರೈತನಿಗೂ ಇದೇ ಉಪದೇಶ. ಮಧುಗಿರಿ, ಪಾವಗಡದಂತಹ ಬರದ ಸೀಮೆಯಲ್ಲಿ ಈ ಮಾತಿಗೆ ಬಿಡುವೇ ಇಲ್ಲ. ಹೇಳುವವರ ಉದ್ದೇಶ ಒಳ್ಳೆಯದೇ. ಆದರೆ ಗಟ್ಟಿಯಾಗಿರುವುದೆಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ನಾವು ತಿಳಿದಿದ್ದೇವಲ್ಲ, ಅದು ಸರಿಯೇ?

ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ತೋಮಸ್ ಅಕ್ವಿನಾಸರು ದುಃಖ ಪರಿಹಾರವನ್ನು ಕುರಿತೇ ಒಂದು ಪ್ರಶ್ನೆಯನ್ನೆತ್ತಿಕೊಂಡು ವಿಚಾರ ಮಾಡಿದ್ದಾರೆ. ಅವರು ಕೊಡುವ ಔಷಧಗಳು ಐದು: ಸಂತೋಷ, ಕಣ್ಣೀರು, ಸ್ನೇಹಿತರ ಸಹಾನುಭೂತಿ, ಸತ್ಯದ ಧ್ಯಾನ, ಕೊನೆಯದಾಗಿ ನಿದ್ರೆ ಮತ್ತು ಸ್ನಾನ! ದೇವಶಾಸ್ತ್ರದ ಘನ ಗ್ರಂಥದಲ್ಲಿ ಸ್ನಾನಕ್ಕೂ ಜಾಗವಿದೆ ಎಂದರೆ ಗುರುಮಠದ ವಿದ್ಯಾರ್ಥಿಗಳು ನಗುತ್ತಾರೆ. ಆದರೆ ಕಣ್ಣೀರಿನ ಬಗ್ಗೆ ಅವರು ಕೊಡುವ ಕಾರಣವನ್ನು ಗಮನಿಸಬೇಕು. ಒಳಗೇ ಕೂಡಿಟ್ಟ ನೋವು ಮನಸ್ಸನ್ನೆಲ್ಲ ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಹೊರಗೆ ಬಂದಾಗ ಆ ಬಿಗಿ ಸಡಿಲವಾಗುತ್ತದೆ. ಜೊತೆಗೆ, ದುಃಖದಲ್ಲಿರುವವನಿಗೆ ತನ್ನ ಸ್ಥಿತಿಗೆ ತಕ್ಕ ಕ್ರಿಯೆಯನ್ನು ಮಾಡುವುದರಲ್ಲೇ ಒಂದು ಸಮಾಧಾನವಿದೆ.

ಈ ‘ತಕ್ಕ ಕ್ರಿಯೆ’ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ನಸುಕಿನಲ್ಲೆದ್ದು ರಾಗಿ ಬೀಸುವಾಗ ಅವರು ಬೀಸುವ ಪದ ಹಾಡುತ್ತಿದ್ದರು. ತವರಿನ ನೆನಪು, ಅತ್ತೆಮನೆಯ ಕಷ್ಟ, ತೀರಿಹೋದ ಕೂಸು, ಎಲ್ಲವೂ ಮೂರು ಸಾಲಿನ ತ್ರಿಪದಿಯಾಗಿ ಹೊರಬರುತ್ತಿದ್ದವು. ಅತ್ತೆಯ ಎದುರು ಮಾತಾಡಲಾರದ ಸೊಸೆ ಬೀಸುವ ಕಲ್ಲಿನ ಮುಂದೆ ಅದನ್ನೇ ಹಾಡಬಹುದಿತ್ತು. ಹಾಡಿಗೆ ಯಾರೂ ಜಗಳ ತೆಗೆಯುವಂತಿರಲಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಇಂತಹ ಪದಗಳನ್ನು ‘ಗರತಿಯ ಹಾಡು’ ಎಂದು ಪ್ರಕಟಿಸಿದಾಗ ಓದುಬಲ್ಲವರು ಬೆರಗಾದರು. ಪಾವಗಡದ ನೆರೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ತಿಳಿಯದಿದ್ದರೂ ಸಾವಿರಾರು ಪದಗಳು ನೆನಪಿನಲ್ಲಿದ್ದವು. ಹಿಟ್ಟಿನ ಗಿರಣಿ ಬಂತು, ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ಸಿಕ್ಕಿತು. ಅದು ಒಳ್ಳೆಯದೇ ಆಯಿತು. ಆದರೆ ಕಲ್ಲಿನ ಜೊತೆಗೆ ಹಾಡೂ ಮೂಲೆ ಸೇರಿತು. ಅದರ ಜಾಗಕ್ಕೆ ನಾವು ತಂದದ್ದೇನು? ಟಿ.ವಿ. ಧಾರಾವಾಹಿ, ಈಗ ಮೊಬೈಲು. ಅವುಗಳಲ್ಲಿ ಅಳುವವರು ಬೇರೆಯವರು.

ಬರವಣಿಗೆಯ ಮಾತಿಗೆ ಬರೋಣ. ನಂಜನಗೂಡು ತಿರುಮಲಾಂಬಾ ಅವರ ಹೆಸರನ್ನು ಎಷ್ಟು ಮಂದಿ ಕೇಳಿದ್ದೀರಿ? 1887ರಲ್ಲಿ ಹುಟ್ಟಿದ ಈಕೆಗೆ ಬಾಲ್ಯದಲ್ಲೇ ಮದುವೆಯಾಯಿತು, ಹದಿಹರೆಯದಲ್ಲೇ ವೈಧವ್ಯ ಬಂತು. ಆ ಕಾಲದಲ್ಲಿ ಅಂತಹ ಹುಡುಗಿಗೆ ಉಳಿಯುತ್ತಿದ್ದುದು ಒಳಕೋಣೆಯ ಕತ್ತಲೆ ಮಾತ್ರ. ತಂದೆಯ ಆಸರೆಯಲ್ಲಿ ಆಕೆ ಮನೆಯಲ್ಲೇ ಓದಿದರು, ಬರೆಯತೊಡಗಿದರು. 1913ರಲ್ಲಿ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ ಕಾದಂಬರಿಯನ್ನು ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಬರವಣಿಗೆ ಆಕೆಯ ವೈಧವ್ಯವನ್ನು ಅಳಿಸಲಿಲ್ಲ. ಆದರೆ ‘ವಿಧವೆ’ ಎಂಬ ಒಂದೇ ಹೆಸರಿನಿಂದ ಲೋಕ ಆಕೆಯನ್ನು ಕರೆಯುವಂತಿರಲಿಲ್ಲ. ಲೇಖಕಿ, ಪ್ರಕಾಶಕಿ, ಸಂಪಾದಕಿ ಎಂಬ ಹೆಸರುಗಳೂ ಬಂದವು. ಮನೋಸ್ಥೈರ್ಯ ಎನ್ನುವುದು ಬಹುಪಾಲು ಇದೇ ಎಂದು ನನಗನಿಸುತ್ತದೆ: ನಮಗೆ ಸಂಭವಿಸಿದ್ದು ನಮ್ಮ ಪೂರ್ತಿ ಹೆಸರಾಗದಂತೆ ನೋಡಿಕೊಳ್ಳುವುದು.

ವರಕವಿ ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡ ತಂದೆ. ಮಗುವನ್ನು ಕಳೆದುಕೊಂಡ ಪತ್ನಿಯ ನೋಟವನ್ನು ಎದುರಿಸಲಾರದೆ ಅವರು ಬರೆದ ಕವಿತೆಯನ್ನು ಕನ್ನಡಿಗರು ಇಂದಿಗೂ ಹಾಡಿ ಕಣ್ಣೀರಿಡುತ್ತಾರೆ. ‘ನರಬಲಿ’ ಎಂಬ ಕವಿತೆಗಾಗಿ ಅವರು ಸೆರೆಮನೆಯನ್ನೂ ಕಂಡರು. ಆದರೂ 1937ರ ‘ಸಖೀಗೀತ’ದಲ್ಲಿ ದಾಂಪತ್ಯದ ಸುಖವನ್ನೂ ದುಃಖವನ್ನೂ ಒಂದೇ ಹಾಡಿನಲ್ಲಿ ನೆಯ್ದರು. ಶಿಲುಬೆಯ ಸಂತ ಯೊವಾನ್ನರದೂ ಇಂಥದೇ ಕಥೆ. ತಮ್ಮದೇ ಸಭೆಯ ಸಹೋದರರು ಅವರನ್ನು 1577ರ ಡಿಸೆಂಬರಿನಿಂದ 1578ರ ಆಗಸ್ಟಿನವರೆಗೆ ಸ್ಪೇನಿನ ತೊಲೆದೊ ನಗರದ ಒಂದು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದ್ದರು. ಅವರ ಶ್ರೇಷ್ಠ ಕವಿತೆಗಳ ಹಲವು ಪದ್ಯಗಳು ಹುಟ್ಟಿದ್ದು ಅಲ್ಲೇ.

‘ಅವರೆಲ್ಲ ಕವಿಗಳು ಫಾದರ್, ನಮಗೆ ಬರೆಯಲು ಬರುತ್ತದೆಯೇ?’ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಪ್ರಯೋಗವನ್ನು ಹೇಳುತ್ತೇನೆ. 1986ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರಿಗೆ ಸಾಧಾರಣ ವಿಷಯ. ಉಳಿದವರಿಗೆ ಜೀವನದಲ್ಲಿ ಅತಿಯಾಗಿ ನೋಯಿಸಿದ ಘಟನೆ. ನೋವನ್ನು ಬರೆದವರ ಮನಸ್ಸು ಆ ಹೊತ್ತಿಗೆ ಇನ್ನಷ್ಟು ಭಾರವಾಯಿತು. ಆದರೆ ನಡೆದದ್ದನ್ನೂ ಅದರಿಂದಾದ ಭಾವನೆಯನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಂತರ ಬೇರೆ ಬೇರೆ ಕಡೆ ನಡೆದ ಅನೇಕ ಅಧ್ಯಯನಗಳಿಂದ ತಿಳಿದದ್ದು: ಲಾಭವುಂಟು, ಆದರೆ ಅದು ಸಣ್ಣದು, ಎಲ್ಲರಿಗೂ ಒಂದೇ ರೀತಿ ಆಗುವುದಿಲ್ಲ. ಬರೆಯುತ್ತ ಬರೆಯುತ್ತ ‘ಏಕೆಂದರೆ’, ‘ಈಗ ಅರ್ಥವಾಯಿತು’ ಎಂಬಂತಹ ಮಾತುಗಳ ಕಡೆಗೆ ಸಾಗಿದವರಿಗೆ ಹೆಚ್ಚು ಪ್ರಯೋಜನವಾಯಿತು ಎಂಬುದೂ ಕಂಡುಬಂತು. ಅಂದರೆ ಬರೀ ಗೋಳಾಡುವುದು ಸಾಲದು; ಗೋಳಿಗೆ ಒಂದು ಆಕಾರ ಬರಬೇಕು.

ಈ ಆಕಾರದ ವಿಷಯದಲ್ಲಿ ಪವಿತ್ರ ಬೈಬಲಿನ ‘ಪ್ರಲಾಪಗಳು’ ಗ್ರಂಥ ನನಗೆ ಸದಾ ಆಶ್ಚರ್ಯ. ಕ್ರಿ.ಪೂ. 587ರಲ್ಲಿ ಬಾಬಿಲೋನಿಯದವರು ಜೆರುಸಲೇಮನ್ನು ಸುಟ್ಟರು. ಹಸಿವು, ಹೆಣಗಳು, ಪಾಳುಬಿದ್ದ ದೇವಾಲಯ. ಅದನ್ನು ಹಾಡಿದ ಕವಿ ಏನು ಮಾಡಿದ ನೋಡಿ. ಹಿಬ್ರೂ ಭಾಷೆಯ ಅಕ್ಷರಗಳು 22. ಒಂದು, ಎರಡು, ನಾಲ್ಕನೆಯ ಅಧ್ಯಾಯಗಳಲ್ಲಿ 22 ವಚನಗಳು, ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ಅಕ್ಷರದಿಂದ ಒಂದೊಂದು ವಚನ. ನಡುವಿನ ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66. ನಾವಾದರೆ ‘ಅ’ದಿಂದ ‘ಳ’ದವರೆಗೆ ಅತ್ತಂತೆ. ಕೊನೆಮೊದಲಿಲ್ಲದ ದುಃಖಕ್ಕೆ ಹೀಗೆ ಒಂದು ಮೊದಲು, ಒಂದು ಕೊನೆ ಸಿಕ್ಕಿತು. ಐದನೆಯ ಅಧ್ಯಾಯದಲ್ಲೂ 22 ವಚನಗಳಿವೆ, ಆದರೆ ಅಕ್ಷರಕ್ರಮ ಇಲ್ಲ. ಕವಿಗೆ ಅಲ್ಲಿಗೆ ಬರುವಷ್ಟರಲ್ಲಿ ಸುಸ್ತಾಯಿತೋ, ಇಲ್ಲ ಊರುಗೋಲು ಬೇಡವಾಯಿತೋ, ಪಂಡಿತರು ಚರ್ಚಿಸಲಿ.

ಇನ್ನು ಕುಣಿತ. ಕುಣಿತವೆಂದರೆ ನಮ್ಮ ಎಷ್ಟೋ ಭಕ್ತಾದಿಗಳ ಹುಬ್ಬು ಮೇಲೇರುತ್ತದೆ. ದಾವೀದರಸನು ದೇವಮಂಜೂಷದ ಮುಂದೆ ಮೈಮರೆತು ಕುಣಿದಾಗ ಅವನ ಮಡದಿ ಮೀಕಲಳ ಹುಬ್ಬೂ ಹೀಗೆಯೇ ಏರಿತ್ತು! ಕೆಂಪು ಸಮುದ್ರ ದಾಟಿದ ಮೇಲೆ ಮಿರ್ಯಾಮಳೂ ಹೆಂಗಸರೂ ತಮ್ಮಟೆ ಹಿಡಿದು ಕುಣಿದರು. ಅದಕ್ಕೂ ಮುಂಚೆ ಅವರಿಗೆ ಇದ್ದದ್ದು ತಲೆತಲಾಂತರದ ಗುಲಾಮಗಿರಿ, ಕಳೆದುಕೊಂಡ ಗಂಡುಕೂಸುಗಳು. ನಮ್ಮ ತುಮಕೂರು ಜಿಲ್ಲೆಗೆ ಕುಣಿತವೇನು ಹೊಸದೇ? ಸೋಮನ ಕುಣಿತ, ಕೋಲಾಟ, ರಾತ್ರಿಯಿಡೀ ನಡೆಯುವ ಮೂಡಲಪಾಯ ಬಯಲಾಟ ಇವೆ. ಶಿರಾ ಸೀಮೆಯ ಕಾಡುಗೊಲ್ಲರು ಉದ್ದನೆಯ ಬಿದಿರಿನ ‘ಗಣೆ’ ಊದುತ್ತ ಜುಂಜಪ್ಪನ ಕಾವ್ಯವನ್ನು ಹಾಡುತ್ತಾರೆ. ಕೋಲಾಟದಲ್ಲಿ ಒಂದು ಗುಟ್ಟಿದೆ. ಎದುರಿಗಿರುವವರ ಕೋಲನ್ನು ನೋಡದೆ ಹೊಡೆದರೆ ಬೆರಳಿಗೇ ಪೆಟ್ಟು. ತನ್ನ ಚಿಂತೆಯಲ್ಲೇ ಮುಳುಗಿದವನು ಆ ಅರ್ಧ ಗಂಟೆಯಾದರೂ ತಲೆಯೆತ್ತಿ ಇನ್ನೊಬ್ಬರ ಮುಖ ನೋಡಲೇಬೇಕು. ಅಮೆರಿಕದಲ್ಲಿ ಮೇರಿಯನ್ ಚೇಸ್ ಎಂಬ ನರ್ತಕಿ 1940ರ ದಶಕದಲ್ಲಿ ವಾಷಿಂಗ್‌ಟನ್‌ನ ಮಾನಸಿಕ ಆಸ್ಪತ್ರೆಯೊಂದರಲ್ಲಿ, ಮಾತೇ ಆಡದ ರೋಗಿಗಳ ಜೊತೆ ಕುಣಿಯುವುದರ ಮೂಲಕ ಸಂಪರ್ಕ ಬೆಳೆಸಿದರು. ಮಾತು ನಿಂತುಹೋದವರಿಗೂ ತಾಳ ತಲುಪುತ್ತದೆ.

ನಮ್ಮ ನಾಡಿನಲ್ಲೇ ಇನ್ನೊಂದು ನಿದರ್ಶನ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಕೈದಿಗಳಿಗೆ ನಾಟಕ ಕಲಿಸಿದರು. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಆಧರಿಸಿ ಎಚ್.ಎಸ್. ಶಿವಪ್ರಕಾಶರು ಬರೆದ ‘ಮಾರನಾಯಕ’ವನ್ನು ಮೈಸೂರಿನ ಕೈದಿಗಳು ಆಡಿದರು. ಕೊಲೆ, ಅದರ ಪಾಪಪ್ರಜ್ಞೆ, ನಿದ್ದೆ ಬಾರದ ರಾತ್ರಿಗಳ ಕಥೆ ಅದು. ಅಂಥ ಪಾತ್ರವನ್ನು ಸೆರೆಯಲ್ಲಿರುವವನೊಬ್ಬ ಜನರ ಮುಂದೆ ಆಡುವುದೆಂದರೆ ಸಣ್ಣ ಮಾತಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಸುಲಭ. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳು ಸಾಕು. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ, ನಾಲ್ಕು ದಿನ. ಕಾಗುಣಿತದ ಚಿಂತೆ ಬೇಡ. ಈ ಗಡಿನಾಡಿನಲ್ಲಿ ಮನೆಮಾತು ತೆಲುಗಾದವರು ತೆಲುಗಿನಲ್ಲೇ ಬರೆಯಲಿ. ನೋವಿಗೆ ತಾಯಿನುಡಿಯೇ ಸರಿ. ಅಕ್ಷರ ಬಾರದ ಅಜ್ಜಿಯ ಪದವನ್ನು ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಿಡಲಿ. ಇದು ದೇವರಿಗೆ ಬರೆದ ಕಾಗದವೂ ಆಗಬಹುದು. ಕೀರ್ತನೆಗಾರರು ಸರ್ವೇಶ್ವರನ ಮೇಲೆಯೇ ದೂರು ಹೇಳಿಕೊಂಡಿದ್ದಾರೆ, ನಾವು ಹೆದರಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಆಘಾತ ತೀರಾ ಹಸಿಯಾಗಿರುವಾಗ ಯಾರನ್ನೂ ಬರೆ ಎಂದು ಒತ್ತಾಯಿಸಬಾರದು. ಬರೆದಷ್ಟೂ ಅದೇ ವಿಷಯದಲ್ಲಿ ಸುತ್ತುತ್ತ ಮನಸ್ಸು ಕೆಡುತ್ತಿದ್ದರೆ ನಿಲ್ಲಿಸಿ. ನಿದ್ರೆ, ಊಟ ಬಿಟ್ಟು ವಾರಗಟ್ಟಲೆ ಕುಗ್ಗಿರುವವರಿಗೆ, ಬದುಕು ಸಾಕೆನ್ನುವವರಿಗೆ ಕವಿತೆಯಲ್ಲ, ವೈದ್ಯರು ಬೇಕು. ಸರ್ಕಾರ 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಣ ಕೊಡದೆ ಕನ್ನಡದಲ್ಲೇ ಮಾತನಾಡಬಹುದು. ‘ಪ್ರಾರ್ಥನೆ ಮಾಡು, ಸರಿಹೋಗುತ್ತದೆ’ ಎಂದಷ್ಟೇ ಹೇಳಿ ಇಂಥವರನ್ನು ಮನೆಗೆ ಕಳುಹಿಸಬೇಡಿ.

ತಂದೆತಾಯಿಗಳೇ, ಇನ್ನೊಂದು ಮಾತು. ಬರೆದದ್ದು ಬರೆದವರ ಸೊತ್ತು. ಮಗಳ ದಿನಚರಿ ಪುಸ್ತಕ ದಿಂಬಿನ ಕೆಳಗೆ ಸಿಕ್ಕರೆ ತೆರೆಯದೆ ಇದ್ದಲ್ಲೇ ಇಟ್ಟುಬಿಡಿ. ಅವಳಾಗಿಯೇ ತಂದು ತೋರಿಸಿದ ದಿನ, ತಪ್ಪು ತಿದ್ದಲು ಪೆನ್ನು ಹುಡುಕದೆ, ಕುಳಿತು ಪೂರ್ತಿ ಓದಿ.